ಜರ್ಮನಿಯ ಗುಡ್ಡಕ್ಕೆ ನಮ್ಮ ಮನೆಯ ರಾಗಿ

ಬೆಟ್ಟವೆಂದರೆ ಕತ್ತೆತ್ತಿ ನೋಡಬೇಕು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಬಗ್ಗಿ ನೋಡುವ ಬೆಟ್ಟವೂ ಇರುತ್ತದೆ, ಅದರ ಮೇಲೂ ಅಭಿಮಾನ ಉಕ್ಕುತ್ತದೆ ಎಂಬುದು ಈಚೆಗೆ ತಿಳಿಯಿತು. ಹತ್ತನೇ ಕ್ಲಾಸನ್ನು ಮೀಸೆ ನರೆಯುವ ಹೊತ್ತಿಗೆ ಪಾಸು ಮಾಡಿದವನು ನಾನು; ತಿಳಿವಳಿಕೆ ನನ್ನ ಬಳಿಗೆ ಯಾವಾಗಲೂ ಪ್ಯಾಸೆಂಜರ್ ರೈಲಿನಲ್ಲೇ ಬರುವುದು.

ಹಿರಿಯೂರಿನಿಂದ ಪೆನಾಂಗ್ ದ್ವೀಪಕ್ಕೆ ಬಂದು ಇಲ್ಲಿನ ಬಯಾನ್ ಲೆಪಾಸಿನ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ರಿಪೇರಿ ಮಾಡುತ್ತೇನೆ. ಮಗಳು ದಿಶಾ ಶಾಲೆಯಲ್ಲಿ ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಜರ್ಮನಿಯ ಸ್ಪೆಸಾರ್ಟ್ ಎಂಬ ಗುಡ್ಡಸಾಲು. ಅದರ ಮಾದರಿ ಮಾಡಬೇಕು, ವಿವರಿಸಬೇಕು. ಅಂಕದಲ್ಲಿ ಅರ್ಧ ಮಾದರಿಗೆ, ಅರ್ಧ ಮಾತಿಗೆ. ಅಪ್ಪ ಅಮ್ಮ ಕೈ ಹಾಕಿದರೆ ಅಂಕ ಕಡಿತ. ನಾನು ಮಣ್ಣು ಕಲಸಿಕೊಡಲು ಮಾತ್ರ ಕೂತೆ. ಆದರೆ ಕೈ ನಿಲ್ಲಬೇಕಲ್ಲ! ಮೊಣಕೈ ಎತ್ತರದ ಶಿಖರ ಎದ್ದಿತು, ಅದರ ನೆತ್ತಿಯ ಮೇಲೊಂದು ಪುಟ್ಟ ಗುಡಿಯೂ ಕೂತಿತು.

“ಪಪ್ಪಾ, ಟೆಂಪಲ್ ಯಾಕೆ? ದಿಸ್ ಈಸ್ ಜರ್ಮನಿ ಲಾ! ಹೈಯೆಸ್ಟೇ ಫೈವ್ ಏಟಿ ಸಿಕ್ಸ್ ಮೀಟರ್ಸ್. ಪೆನಾಂಗ್ ಹಿಲ್ ಈಸ್ ಟಾಲರ್!” ಎಂದಳು ದಿಶಾ, ಇಲ್ಲಿನವರು ಮಾತಿನ ಬಾಲಕ್ಕೆ ಅಂಟಿಸುವ ‘ಲಾ’ವನ್ನೂ ಸೇರಿಸಿ.

“ಮೇಲೆ ದೇವರಿಲ್ದಿದ್ರೆ ಬೆಟ್ಟ ಯಾರಮ್ಮ ಹತ್ತುತಾರೆ?”

ಗುಡಿ ಹೋಯಿತು, ಶಿಖರ ತಗ್ಗಿತು. ಮೂರು ಕಡೆ ಬಳಸಿ ಹರಿಯುವ ಮೈನ್ ನದಿಗೆ ದಿಶಾ ನೀಲಿ ಉಲ್ಲನ್ ಅಂಟಿಸಿದಳು. ಬೀಚ್, ಓಕ್ ಮರಗಳ ಕಾಡಿಗೆಂದು ಹಸಿರು ಸ್ಪಂಜು ತಂದಿದ್ದಳು. ದಸರಾ ಗೊಂಬೆ ಕೂರಿಸುವಾಗ ಬೆಟ್ಟಕ್ಕೆ ರಾಗಿ ಪೈರು ಬೆಳೆಸುವ ಜನ ನಾವು, ನಮಗೆ ಸ್ಪಂಜೇ? ಅಡುಗೆಮನೆಯ ಡಬ್ಬಿಗೆ ಕೈ ಹಾಕಿದೆ.

“ರೀ, ಅದು ಊರಿಂದ ಹೊತ್ಕೊಂಡ್ ಬಂದಿರೋ ರಾಗಿ!” ಎಂದು ಹೆಂಡತಿ ಸುಜಾತ ಕೂಗಿದಳು.

“ಜರ್ಮನಿಗೆ ಒಂದು ಹಿಡಿ ಕೊಡೇ ಮಾರಾಯ್ತಿ” ಎಂದೆ.

ಇಲ್ಲಿನ ಸೆಕೆಗೆ ನಾಲ್ಕೇ ದಿನದಲ್ಲಿ ಕಾಡು ದಟ್ಟವಾಯಿತು. ಪ್ರದರ್ಶನದ ದಿನ ಶಾಲೆಯ ಗೇಟಿನಲ್ಲೇ ದಿಶಾ ಎಚ್ಚರಿಸಿದಳು: “ಪಪ್ಪಾ, ಯು ಡೋಂಟ್ ಟಾಕ್. ಜಸ್ಟ್ ಸ್ಮೈಲ್, ಓಕೆ?”

ನಕ್ಕೆ. ಅವಳು ಕೆಂಪು ಮರಳುಗಲ್ಲು, ನದಿಯ ಬಳಸು, ಎಲ್ಲವನ್ನೂ ಅಲ್ಲೇ ಹುಟ್ಟಿದವಳಂತೆ ಹೇಳುವಾಗಲೂ ನಗುತ್ತಲೇ ಇದ್ದೆ. ಟೀಚರ್ ಬಗ್ಗಿ ಪೈರು ಸವರಿದರು. “ಸೋ ಬ್ಯೂಟಿಫುಲ್ ಲಾ! ಹೌ ಲಾಂಗ್ ಡಿಡ್ ಯು ಸೋಕ್ ದ ಸೀಡ್ಸ್?”

ಮಗಳು ಕಣ್ಣು ಪಿಳಿಪಿಳಿ ಬಿಟ್ಟಳು. ಸುಜಾತ ನನ್ನ ಅಂಗಿ ಜಗ್ಗಿದಳು. ನಗು ಹಾಗೇ ಇತ್ತು, ಅದರೊಳಗಿಂದ ಮಾತು ಜಾರಿತು: “ಒನ್ ನೈಟ್, ಟೀಚರ್! ದೆನ್ ವೆಟ್ ಕ್ಲಾತ್. ಐ ಓನ್ಲಿ ಡಿಡ್!”

ಮಾತಿಗೆ ಪೂರ್ತಿ ಅಂಕ ಬಂತು. ಮಾದರಿಯ ಅಂಕದಲ್ಲಿ ಅರ್ಧ ಹೋಯಿತು. ಕಾರಿನಲ್ಲಿ ದಿಶಾ ಮನೆ ಬರುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದಳು. “ಸಾರಿ ಮಗಳೇ” ಎಂದೆ. “ನೆಕ್ಸ್ಟ್ ಟೈಮ್ ಯು ಸ್ಟೇ ಹೋಮ್” ಎಂದಳು. ನ್ಯಾಯವೇ. ನಿಜವಾಗಿ ಬೇಸರವಾಯಿತು, ಅಂಕಪಟ್ಟಿಯನ್ನು ಓದುವವರೆಗೆ. ಕಡಿತದ ಪಕ್ಕದಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಕಾರಣ ಬರೆದಿದ್ದರು: ಕಾಡು ತಂದೆಯದು, ಅತ್ಯುತ್ತಮ.

ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. “ಪಪ್ಪಾ, ದಟ್ಸ್ ಮೈ ಲೋ ಮಾರ್ಕ್ಸ್! ತೆಗಿ!” ಎಂದು ಮಗಳು ದಿನಾ ಗೋಗರೆಯುತ್ತಾಳೆ. ತೆಗೆಯುತ್ತೇನೆ. ಭಾನುವಾರ ಫ್ಯಾಕ್ಟರಿಯ ಗೆಳೆಯರು ಊಟಕ್ಕೆ ಬರುವವರಿದ್ದಾರೆ, ಅವರು ಒಮ್ಮೆ ಓದಿಕೊಂಡು ಹೋಗಲಿ.