ಬೆಟ್ಟ ಒಗೆ, ಬಟ್ಟೆ ಒಗೆ

೧೯೫೬, ಮಾಗಿಯ ಒಂದು ಸೋಮವಾರ. ಪತ್ರಿಕೆಯ ಓದುಗರಿಗೆ ಇದನ್ನು ಬರೆಯಲು ಕೂತದ್ದು ಬೆಳಿಗ್ಗೆ ಆರೂವರೆಗೆ.

ಹಂಗಳದ ಪಕ್ಕ ಜ್ವಾಲಾಮುಖಿ ಇದೆಯೆಂದು ನಂಬಿರುವವರು ಜಗತ್ತಿನಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ!

ಗುಂಡ್ಲುಪೇಟೆಯ ಶಾಲೆಗೆ ಹೋಗಲೆಂದು ನಾನು ಹಂಗಳದ ಅವರ ಮನೆಯಲ್ಲಿದ್ದೇನೆ. ಮಾವನಿಗೆ ಅಕ್ಷರ ಬಾರದು. ಸಂಜೆ ನನ್ನ ಪಾಠ ಕೇಳುವುದೆಂದರೆ ಪ್ರಾಣ. ಒಮ್ಮೆ ಭೂಗೋಳ ಓದಿದೆ: ನೆಲ ಬಿರಿಯಿತು, ಬೆಂಕಿಯಂಥ ಕಲ್ಲುರಸ ಉಕ್ಕಿತು, ಪದರದ ಮೇಲೆ ಪದರ ಹರಡಿ ತಣಿದು ಕರೀಕಲ್ಲಿನ ಪ್ರಸ್ಥಭೂಮಿಯಾಯಿತು. ಮಾವ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು!

"ಅದು ದೂರದ ಉತ್ತರದಲ್ಲಿ ಮಾವ."

"ಬೆಂಕಿಗೆ ಎಲ್ಲೆ ಕಟ್ದೋರ್ ಯಾರಮ್ಮಿ?"

ಮರುದಿನ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಎಂದಿನಂತೆ ಮಂಜು. ಮಾವ ಬೀದಿಯಲ್ಲಿ ನಿಂತು ಕೂಗಿದರು: "ಬೆಟ್ಟ! ಒಗೆ! ಬೆಟ್ಟ! ಒಗೆ!" ನಮ್ಮ ಕಡೆ ಹೊಗೆಯ 'ಹ'ಕಾರವನ್ನು ಬಾಯಿ ನುಂಗಿಬಿಡುತ್ತದಲ್ಲ! ಒಳಗಿದ್ದ ಅತ್ತೆಗೆ ಕೇಳಿಸಿದ್ದು 'ಬಟ್ಟೆ ಒಗೆ'.

"ಒಗೆಯಕ್ಕೆ ನೀರೆಲ್ಲದೆ? ನಿಮ್ಮಪ್ಪಾರು ಬಾವಿ ತೋಡ್ಸಿಟ್ಟವ್ರಾ?"

ಮಾವ ಬಾವಿಯಿಲ್ಲದ ಹಿತ್ತಲ ಕಡೆ ನೋಡಿದರು. ಅತ್ತೆಯ ಮಾತು ನಿಜವಾಗಿತ್ತು. ದೂರದ ಕೆರೆಯಿಂದ ನೀರು ಹೊರುವವಳು ನಾನು. ಹೊತ್ತು ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಆ ತಿಂಗಳು ತಪ್ಪಿದ ಬಸ್ಸು ಒಂಬತ್ತು ಎಂದು ನನ್ನ ಡೈರಿಯಲ್ಲಿದೆ. ಇನ್ನು ತಪ್ಪಿದರೆ ಶಾಲೆಯಿಂದ ಹೆಸರು ಹೊಡೆದುಹಾಕುತ್ತೇನೆ ಎಂದು ಮೇಷ್ಟ್ರು ಹೇಳಿಯೂ ಆಗಿತ್ತು.

ಆದರೂ ಮಾವನ ಜ್ವಾಲಾಮುಖಿ ಆರಲಿಲ್ಲ. ಚಾಮರಾಜನಗರದ ಅರಿಸಿನ ಮಂಡಿಗೆ ಹೋಗಿ, ಬೆಟ್ಟ ಸಿಡಿಯುತ್ತದೆಂದು ಎಚ್ಚರಿಸಿದರಂತೆ. ಮಂಡಿಯವರು ನಕ್ಕರಂತೆ:

"ಸಿಡೀಲಿ ಬುಡಿ ಗೌಡ್ರೆ, ಅರಿಸಿನ ಬೇಯ್ಸೋ ಸೌದೆ ಉಳೀತು!"

ಅತ್ತೆಯ ಮಾತು ನೆನಪಿತ್ತೇನೋ, ಅಲ್ಲಿಂದ ಬಂದವರೇ ಹಿತ್ತಲಲ್ಲಿ ಬಾವಿ ತೋಡಿಸಲು ನಿಂತರು. ಎರಡಾಳು ಆಳದಲ್ಲಿ ಗೋಡೆಯಂತೆ ಕರೀಕಲ್ಲು ಅಡ್ಡ ಬಂತು. ಹರವೆಯಿಂದ ಬಂದಿದ್ದ ಆಳುಗಳು ಹಾರೆ ಕೆಳಗಿಟ್ಟರು.

"ಮುಚ್ಬುಡನ ಗೌಡ್ರೆ, ಇದು ಒಡೆಯೋ ಕಲ್ಲಲ್ಲ."

"ಕಲ್ಲಲ್ಲ ಕಣ್ಲಾ, ತಣ್ಗಾದ ಬೆಂಕಿ! ಬೆಂಕಿಗೇ ಮ್ಯಾಕ್ಕೆ ದಾರಿ ಬುಟ್ಟ ನೆಲ ನೀರಿಗೆ ಬುಡಾಕಿಲ್ವಾ? ಕಲ್ಲಿನ ಮಗ್ಗುಲ್ಗೆ ತೋಡ್ರಲಾ!"

ಇದ್ಯಾವ ಭೂಗೋಳವೋ! ಆದರೆ ಮೊನ್ನೆ ಬೆಳಿಗ್ಗೆ ಕಲ್ಲಿನ ಮಗ್ಗುಲಲ್ಲಿ ನೀರು ಜಿನುಗಿ, ನೋಡನೋಡುತ್ತ ಮೊಣಕಾಲಿಗೆ ಬಂತು. ಅದೂ ತಣ್ಣಗೆ!

ಮಾವ ಊರೆಲ್ಲ ಡಂಗುರ ಸಾರುತ್ತಾರೆಂದುಕೊಂಡೆ. ಅವರು ನನ್ನ ಸೊಂಟದ ಮೇಲಿದ್ದ ಖಾಲಿ ಕೊಡ ಇಳಿಸಿಕೊಂಡು, ಪುಸ್ತಕದ ಚೀಲ ಕೈಗಿಟ್ಟರು. ಕಣ್ಣು ತುಂಬಿತ್ತು, ಬಾಯಲ್ಲಿ ಎಲೆಅಡಿಕೆಯೂ ತುಂಬಿತ್ತು. 'ಓಗು ಕಣಮ್ಮಿ' ಎಂದರೋ, 'ಓದು ಕಣಮ್ಮಿ' ಎಂದರೋ ತಿಳಿಯಲಿಲ್ಲ. ಎರಡನ್ನೂ ಮಾಡುತ್ತಿದ್ದೇನೆ.

ನಮ್ಮ ಹಿತ್ತಲಿನ ಕರೀಕಲ್ಲು ಹೇಗೆ ಹುಟ್ಟಿತೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮಾವನಿಗೆ ಓದಿ ಹೇಳುತ್ತೇನೆ. ಬೆಟ್ಟದಲ್ಲಿ ಬೆಂಕಿಯಿಲ್ಲವೆಂದು ನೀವು ಬರೆದಿದ್ದರೆ ಆ ಒಂದು ಸಾಲನ್ನು ಮಾತ್ರ, 'ಹ'ಕಾರದ ಹಾಗೆ, ನುಂಗಿಕೊಳ್ಳುತ್ತೇನೆ.