ದಿನಕ್ಕೆ ಹತ್ತು ಸಲ ಏಳುವುದು

ಕುರ್ಚಿಯಲ್ಲಿ ಕೂತವನು ಯಾರು ಬಂದರೆ ಏಳುತ್ತಾನೆ, ಯಾರು ಬಂದರೆ ಏಳುವುದಿಲ್ಲ ಎಂಬುದರಿಂದ ಅವನ ದರ್ಜೆ ಗೊತ್ತಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹುನಗುಂದದ ಏತ ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಷ್ಟು ವರ್ಷವೂ ದೊಡ್ಡ ಸಾಹೇಬರನ್ನು ಬಿಟ್ಟರೆ ಇನ್ಯಾರಿಗೂ ಎದ್ದವನಲ್ಲ. ಮರೋಳ, ರಾಮಥಾಳದ ಕಡೆಯ ರೈತರು ಅರ್ಜಿ ಹಿಡಿದು ಎದುರಿಗೆ ನಿಂತಿರುತ್ತಿದ್ದರು. ನಾನು ಕೂತಲ್ಲಿಂದಲೇ ಹೊಳೆಯ ನೀರನ್ನು ಕಾಗದದ ಮೇಲೆ ದಿನ್ನೆಗೆ ಏರಿಸುತ್ತಿದ್ದೆ. ಈಗ ನಿವೃತ್ತನಾಗಿ, ಕಿಡ್ನಿ ಕೆಟ್ಟು, ಕುಡಿಯುವ ನೀರನ್ನೂ ಅಳೆದು ಕುಡಿಯುತ್ತೇನೆ.

ನೀರಿಗಿಂತ ದೊಡ್ಡ ತೊಂದರೆ ಕಾಲಿನದು. ಈ ಕಾಯಿಲೆ ಮೈಯ ಮಾಂಸಖಂಡವನ್ನೂ ಕರಗಿಸುತ್ತದಂತೆ. ನಮ್ಮಲ್ಲಿ ಕಾಯಿಲೆಯವನೆಂದರೆ ಮಲಗಿರಬೇಕು. ಹೆಂಡತಿ ಶಾಂತಾ ಒಂದು ಚರಿಗೆ ಎತ್ತಲೂ ಬಿಡಲಿಲ್ಲ. ಅವಳ ಪ್ರೀತಿ ಹೆಚ್ಚಿದಷ್ಟೂ ನನ್ನ ತೊಡೆ ಸಣ್ಣಗಾಯಿತು. ಒಂದು ದಿನ ಸಂಡಾಸಿನಿಂದ ಏಳಲಾಗದೆ ಅವಳನ್ನು ಕೂಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದೆಬ್ಬಿಸಿದಳು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಇನ್ನು ಮುಂದೆ ಬದುಕೆಲ್ಲ ಹೀಗೇ ಯಾರಾದರೂ ಎಬ್ಬಿಸಬೇಕೇ ಎಂದು ಕಣ್ಣಲ್ಲಿ ನೀರು ಬಂತು.

ಡಾಕ್ಟರು ಬಾಗಲಕೋಟೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಕಳಿಸಿದರು. ಅವಳು ಯಂತ್ರಗಿಂತ್ರ ಏನೂ ತೋರಿಸಲಿಲ್ಲ, ಕುರ್ಚಿ ತೋರಿಸಿದಳು. "ಕೈ ಊರಬ್ಯಾಡ್ರಿ. ಎದಿ ಮ್ಯಾಲೆ ಕೈ ಕಟ್ಕೊಂಡು ಏಳ್ರಿ, ಕುಂಡ್ರ್ರಿ. ದಿನಾ ಹತ್ತು ಸಲಾ ಮಾಡ್ರಿ ಸಾಕು" ಎಂದಳು. ಇಷ್ಟೇನಾ ಎಂದುಕೊಂಡೆ. ಮೊದಲ ದಿನ ಎರಡಾದವು. ತಿಂಗಳು ಕಳೆದರೂ ಏಳರ ಮೇಲೆ ಹೋಗಲಿಲ್ಲ.

ಮೊನ್ನೆ ಬೆಳಿಗ್ಗೆ ಏಳನೆಯ ಸಲ ಮೇಲೇಳುವಾಗ ಬಾಗಿಲಲ್ಲಿ ಯಮನಪ್ಪ ನಿಂತಿದ್ದ. ನಮ್ಮ ಕಚೇರಿಯ ಹಳೆಯ ಜವಾನ. ನನಗಿಂತ ವಯಸ್ಸಿನಲ್ಲಿ ದೊಡ್ಡವನು. ನನ್ನನ್ನು ನೋಡಿ ಅವನ ಮುಖವೇ ಬದಲಾಯಿತು. "ಸಾಹೇಬ್ರ, ನಾ ಬಂದೇನಂತ ನೀವು ಏಳೂದಂದ್ರೇನ್ರಿ" ಎಂದು ಕೈಮುಗಿದ. ಅಡುಗೆಮನೆಯಿಂದ ಇಣುಕಿದ ಶಾಂತಾ ನಿಜ ಹೇಳಲು ಬಾಯಿ ತೆರೆದಳು. ನಾನು ಕಣ್ಣಲ್ಲೇ ಗದರಿಸಿ ತಡೆದೆ. ಪುಕ್ಕಟೆ ಬಂದ ಒಳ್ಳೆಯ ಹೆಸರು, ಯಾಕೆ ಬಿಡಲಿ?

ಎದುರಿನ ಕುರ್ಚಿಯಲ್ಲಿ ಅವನನ್ನು ಕೂರಿಸಿದೆ. ನನಗಿನ್ನೂ ಮೂರು ಉಳಿದಿದ್ದವು. ನಾನು ಎದ್ದರೆ ಅವನೂ ಏಳುತ್ತಿದ್ದ, ನಾನು ಕೂತ ಮೇಲೆಯೇ ಕೂರುತ್ತಿದ್ದ. ಕೈ ಊರಲಿಲ್ಲ, ಮುಲುಕಲಿಲ್ಲ. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನಲ್ಲಿ ಕೂತು, ನಾವು ಹೋದಾಗ ಬಂದಾಗಲೆಲ್ಲ ಮೂವತ್ತು ವರ್ಷ ಎದ್ದು ನಿಂತ ಕಾಲುಗಳವು. ಬಾಗಲಕೋಟೆಯ ಹುಡುಗಿ ನನಗೆ ಕಲಿಸಿದ್ದನ್ನು ಅವನಿಂದ ನಾವೇ ಮಾಡಿಸಿದ್ದೆವು. ಕಾಲು ಗಟ್ಟಿಯಿದ್ದಾಗ ಒಂದು ಸಲವೂ ನಾನು ಅವನಿಗೆ ಕೂರು ಎಂದಿರಲಿಲ್ಲ. ಬಹಳ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಮೊದಲ ಬಾರಿಗೆ ಹತ್ತು ಮುಗಿದವು.

ಚಹಾ ಕುಡಿದು ಯಮನಪ್ಪ "ಬರ್ತೇನ್ರಿ" ಎಂದು ಎದ್ದ. ಈ ಸಲ ಅವನಿಗಾಗಿಯೇ ಎದ್ದು, ಬಾಗಿಲ ತನಕ ಹೋಗಿ ಕಳಿಸಬೇಕೆಂದು ಮನಸ್ಸಾಯಿತು. ಎದೆಯ ಮೇಲೆ ಕೈ ಕಟ್ಟಿದೆ. ತೊಡೆ ಗಡಗಡ ನಡುಗಿತು, ಏಳಲು ಆಗಲಿಲ್ಲ. "ಇರ್ಲಿ, ಕುಂಡ್ರ್ರಿ ಸಾಹೇಬ್ರ. ಆವಾಗಽ ಎದ್ದೀರಲ್ರಿ" ಎಂದು ನನ್ನ ಭುಜ ಮುಟ್ಟಿ, ಕಣ್ಣೊರೆಸಿಕೊಂಡು ಹೋದ.