ಸಿಸ್ಟರ್‌ಗಳಿಗೆ ಎದೆನೋವು ಬರೂದಿಲ್ಲ

ನರ್ಸ್ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಗೆ ವರ್ಗವಾದರೂ ಇಂಥವು ನಡೆಯುತ್ತಲೇ ಇರುತ್ತವೆ. ಊರವರ ಹೃದಯ ಕಾಯುವ ನಾವು ನಮ್ಮದನ್ನು ಮನೆಯಲ್ಲಿ ಬಿಟ್ಟು ಬಂದವರ ಹಾಗೆ ಬದುಕುತ್ತೇವೆ. ಹೇಳಿದರೆ ಜನ ನಗುತ್ತಾರೆ. ನಾನೂ ನಗುತ್ತೇನೆ, ಬೇರೇನು ಮಾಡಲಿ?

೧. ಉಪ್ಪಿನಕಾಯಿ

ಸಿಂದಗಿಯಲ್ಲಿ ಬಿಪಿ ರೋಗಿಗಳನ್ನು ಕೂರಿಸಿಕೊಂಡು ಉಪ್ಪು ಕಡಿಮೆ ಮಾಡಿ, ಹಪ್ಪಳ ಉಪ್ಪಿನಕಾಯಿ ಮುಟ್ಟಬೇಡಿ ಎಂದು ಗಂಟಲು ಹರಿದುಕೊಂಡೆ. ಮುಗಿದಾಗ ಮೂರು ಗಂಟೆ. ಬೆಳಗಿನಿಂದ ಹೊಟ್ಟೆಗೆ ಬರೀ ಚಹಾ. ಔಷಧಿ ಕೋಣೆಯ ಹಿಂದೆ ಕೂತು ಡಬ್ಬಿ ಬಿಚ್ಚಿದೆ: ತಣ್ಣಗಾದ ರೊಟ್ಟಿ, ಮೇಲೆ ಅಂಗೈಯಷ್ಟು ಮಾವಿನ ಉಪ್ಪಿನಕಾಯಿ. ನನ್ನ ಮಾತು ಕೇಳಿ ಹೋಗುವಾಗ ಚೀಟಿ ಮರೆತಿದ್ದ ಮುದುಕಿಯೊಬ್ಬಳು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಡಬ್ಬಿಯನ್ನು ನೋಡಿ, ನನ್ನ ಮುಖ ನೋಡಿ, ಮರುಗಿದಳು.

"ಪಾಪ, ನಿಮಗ ಯಾರೂ ಹೇಳಿಲ್ಲೇನ್ರಿ ನರ್ಸ್‌ಬಾಯಾರ?"

೨. ಕೆಟ್ಟ ಮಷಿನ್ನು

ಬಾಗೇವಾಡಿಗೆ ಹೊಸ ಬಿಪಿ ಮಷಿನ್ನು ಬಂತು. ಮೊದಲು ನಮ್ಮ ನಮ್ಮ ಬಿಪಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಆರು ಮಂದಿ ಸಿಸ್ಟರ್‌ಗಳಲ್ಲಿ ಐವರದು ಏರಿತ್ತು. ಮಷಿನ್ನು ಕೆಟ್ಟಿದೆ ಎಂದು ಒಮ್ಮತದಿಂದ ತೀರ್ಮಾನಿಸಿ ದುರಸ್ತಿಗೆ ಕಳಿಸಿದೆವು. ಆರನೆಯವಳಿಗೆ ಮಾತ್ರ ಬೇಜಾರು, ಅವಳದು ಸರಿಯಾಗಿತ್ತು. ವಾರ ಕಳೆದು ಅದು ವಾಪಸು ಬಂತು, ಏನೂ ದೋಷವಿಲ್ಲ ಎಂಬ ಚೀಟಿಯೊಂದಿಗೆ.

ಅಂದಿನಿಂದ ಅದನ್ನು ರೋಗಿಗಳಿಗೆ ಮಾತ್ರ ಹಚ್ಚುತ್ತಿದ್ದೆವು.

೩. ವಾಕಿಂಗು

ಮುದ್ದೇಬಿಹಾಳದಲ್ಲಿ ಜೊತೆಗಿದ್ದ ಸಿಸ್ಟರ್ ಒಬ್ಬಳು ಹೃದಯಕ್ಕೆ ಒಳ್ಳೆಯದೆಂದು ಬೆಳಗ್ಗೆ ನಡೆಯತೊಡಗಿದಳು. ಮೂರನೆಯ ದಿನಕ್ಕೆ ಜನ ಗುರುತು ಹಿಡಿದರು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರ ಕೂಸಿಗೆ ಜ್ವರ, ಇನ್ನೊಬ್ಬರಿಗೆ ತೂಕ ಇಳಿಸುವ ದಾರಿ ಬೇಕು. ಗೇಟಿಗೊಮ್ಮೆ ನಿಂತು ಉತ್ತರ ಕೊಡುವಷ್ಟರಲ್ಲಿ ಡ್ಯೂಟಿ ವೇಳೆಯಾಗುತ್ತಿತ್ತು. ತಿಂಗಳಾದ ಮೇಲೆ ತೂಕ ಏನಾದರೂ ಇಳಿಯಿತೇ ಎಂದು ಕೇಳಿದೆ.

"ಓಣಿಯವರದು ಇಳದೈತಿ," ಅಂದಳು.

೪. ಪೂರ್ವಾನುಮತಿ

ಇಂಡಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರಿದ್ದರು. ಹೆಣ್ಣುಮಕ್ಕಳ ಎದೆನೋವನ್ನು ಗ್ಯಾಸು ಅಂತ ಬಿಡಬೇಡಿ ಎಂದು ನಮಗೆಲ್ಲ ಪಾಠ ಹೇಳಿದವರೇ ಅವರು. ಆದರೆ ತಮಗೆ ಎದೆ ಉರಿದಾಗ ಹದಿನೈದು ದಿನ ಅಜವಾನದ ನೀರು ಕುಡಿದರು. ಇಸಿಜಿ ಮಾಡುತ್ತೇನೆ ಎಂದು ನಾನು ಗಂಟು ಬಿದ್ದೆ.

"ನಾ ಮಲಗಿದ್ರ ವಾರ್ಡ್ ಯಾರ್ ನೋಡ್ತಾರ? ಗ್ಯಾಸ್ ಐತಿ, ಹೋಗ್ತೈತಿ."

ಒಂದು ಮಧ್ಯಾಹ್ನ ಅಗರಖೇಡದ ರೈತನೊಬ್ಬನಿಗೆ ಇಸಿಜಿ ವೈರು ಹಚ್ಚುತ್ತಲೇ ಕುಸಿದರು. ಆ ರೈತ ಎದ್ದು ತನ್ನ ಮಂಚ ಬಿಟ್ಟುಕೊಟ್ಟ. ಅವನ ಎದೆಯ ವೈರು ಕಿತ್ತು ಅವರಿಗೆ ಹಚ್ಚಿದೆ. ಆಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಒಯ್ದೆವು. ಉಳಿದರು.

ಎಂಟನೆಯ ದಿನ ನೋಡಲು ಹೋದಾಗ ದಿಂಬಿನ ಕೆಳಗಿಂದ ಕಾಗದವೊಂದನ್ನು ತೆಗೆದುಕೊಟ್ಟರು. ಮೇಲಿನ ಕಚೇರಿಯ ನೋಟಿಸು. ಪೂರ್ವಾನುಮತಿಯಿಲ್ಲದೆ ಕರ್ತವ್ಯದ ವೇಳೆಯಲ್ಲಿ ಸ್ಥಳ ಬಿಟ್ಟದ್ದೇಕೆ ಎಂದು ಕೇಳಿದ್ದರು. ನನಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಅವರು ಮಾತ್ರ ಪೆನ್ನು ತೆಗಿ ಎಂದು ಉತ್ತರ ಬರೆಸಿದರು: "ತಪ್ಪಾಗಿದೆ. ಇನ್ನು ಮುಂದೆ ಹೃದಯಾಘಾತಕ್ಕೆ ಮೂರು ದಿನ ಮೊದಲೇ ಅರ್ಜಿ ಕೊಡುತ್ತೇನೆ."

ಆ ಕಾಗದವನ್ನು ನಾನೇ ಕಚೇರಿಗೆ ಮುಟ್ಟಿಸಿದೆ. ವಾರದಲ್ಲಿ ಮರು ಉತ್ತರ ಬಂತು, ಸೀಲು ಸಹಿ ಸಮೇತ: "ವಿವರಣೆ ಸಮಾಧಾನಕರವಾಗಿದೆ. ಅದರಂತೆಯೇ ನಡೆದುಕೊಳ್ಳತಕ್ಕದ್ದು."